ಮೂರನೇ ಬೊಗಸೆ

ಮೂರನೇ ಬೊಗಸೆ ಅಕ್ಕಿಯನ್ನು ಗಂಡನ ಅಕ್ಕ ಸರ್ವಮಂಗಳಮ್ಮನ ಸೆರಗಿಗೆ ಸುರಿದು, ನಾಲ್ಕನೆಯದಕ್ಕೆ ಪ್ರೇಮಲತಾ ಮೊರದೊಳಗೆ ಎರಡೂ ಕೈ ಹಾಕಿದ್ದಳು. ಆಗ ಮಣೆಯ ಮೇಲೆ ಕೂತಿದ್ದ ಸರ್ವಮಂಗಳಮ್ಮ ತಲೆ ಎತ್ತಿ, ಗೋಡೆಗೆ ಒರಗಿ ನಿಂತಿದ್ದ ತಮ್ಮನನ್ನು ನೋಡಿದಳು.

"ಮಹೇಶಾ, ಉಡಿ ಒಡ್ಡಿ ಕುಂತೀನಿ. ಒಂದು ಮಾತು ಕೇಳ್ತೀನಿ, ಇಲ್ಲ ಅನ್ನಬ್ಯಾಡ."

"ಕೇಳಕ್ಕ. ನಿನಗೆ ಯಾವತ್ತಾದ್ರೂ ಇಲ್ಲ ಅಂದೀನಾ?"

"ಶಾಂತಲಾ ಆ ಮ್ಯಾಥ್ಸ್ ಬಿಡ್ಲಿ. ನಮ್ಮ ಪ್ರವೀಣ ಹೆಂಗೂ ಕಾಮರ್ಸ್‌ಗೆ ಹೋಗ್ತಾ ಅವ್ನೆ. ಇವಳೂ ಅವನ ಜೊತಿಗೇ ಹೋಗ್ಲಿ. ನಾಳೆ ಒಂದೇ ಮನ್ಯಾಗೆ ಬಾಳೋ ಮಕ್ಕಳು. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನಂಗೆ ಆಗಬಾರದು."

"ಆಯ್ತಕ್ಕ. ನೀನು ಹೇಳಿದಂಗೇ ಆಗ್ಲಿ" ಅಂದ ಮಹೇಶ್ವರಪ್ಪ. ತನ್ನ ಪೈಪಿನ ಅಂಗಡಿಯಲ್ಲಿ ಯಾರೋ ವಾಷರ್ ಕೇಳಿದಾಗ ತೆಗೆದು ಕೊಡುವಷ್ಟು ಹೊತ್ತನ್ನೂ ಅವನು ತೆಗೆದುಕೊಳ್ಳಲಿಲ್ಲ.

ಪಂಚಮಿಗೆ ಬಂದ ಮನೆಮಗಳು ಹೊರಡುವಾಗ ಉಡಿ ತುಂಬಿ ಕಳಿಸುವುದು ಆ ಮನೆಯಲ್ಲಿ ಹಬ್ಬಕ್ಕಿಂತ ದೊಡ್ಡದು. ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಎಲೆ ಅಡಿಕೆ, ಕುಪ್ಪಸದ ಬಟ್ಟೆ. ತುಂಬಿದ ಮೇಲೆ ಅವಳು ತನ್ನ ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಮೊರಕ್ಕೆ ವಾಪಸು ಹಾಕಬೇಕು, ತವರು ಬರಿದಾಗಬಾರದು ಎಂದು. ಸೆರಗೊಡ್ಡಿ ಕೂತವಳಿಗೆ ಇಲ್ಲ ಅನ್ನಬಾರದು. ಅವಳನ್ನು ಅಳಿಸಿ ಕಳಿಸಬಾರದು. ಸರ್ವಮಂಗಳಮ್ಮನಿಗೆ ಇದೆಲ್ಲ ಗೊತ್ತಿತ್ತು. ಹಬ್ಬದಲ್ಲಿ ಎಳ್ಳುಂಡೆ ಕಟ್ಟುವಾಗ, ಮಧ್ಯಾಹ್ನ ಚಾಪೆಯ ಮೇಲೆ ಅಡ್ಡಾಗಿ ಊರಿನ ಸುದ್ದಿ ಹೇಳುವಾಗ, ಎಲ್ಲಿಯೂ ಅವಳು ಈ ಮಾತು ಎತ್ತಿರಲಿಲ್ಲ. ಮಣೆಯ ಮೇಲೆ ಕೂರುವ ತನಕ ಕಾದಿದ್ದಳು.

ಅಡುಗೆಮನೆಯ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಶಾಂತಲಾ ಆ ತಟ್ಟೆಯನ್ನು ನೆಲಕ್ಕೆ ಇಟ್ಟಳು. ಕುಂಕುಮದ ನೀರು ತುಳುಕಿ ಹೊಸ್ತಿಲ ಮೇಲೆ ಚೆಲ್ಲಿತು.

"ಅಪ್ಪಾಜಿ, ಇನ್ನೊಂದ್ಸಲ ಹೇಳ್ರಿ."

"ಏನು ಹೇಳದು? ಒಳಗೆ ಹೋಗು ನೀನು."

"ಹದಿನೈದು ದಿನದಿಂದ ನಾನು ಇದನ್ನೇ ಕೇಳ್ತಾ ಇದೀನಿ. ಊಟ ಬಿಟ್ಟು ಕೇಳ್ದೆ. ಅತ್ತು ಕೇಳ್ದೆ. ಮಹೇಶ್ವರಪ್ಪನ ಮಗಳು ಲೆಕ್ಕಕ್ಕೆ ಹೆದರ್ಕೊಂಡು ಓಡಿ ಬಂದ್ಲು ಅಂತ ಊರೆಲ್ಲ ನಗುತ್ತೆ ಅಂದ್ರಿ. ಅತ್ತೆ ಒಂದ್ಸಲ ಕೇಳಿದ್ರು, ಆಯ್ತು ಅಂದ್ರಿ. ಊರು ಈಗ ನಗಲ್ವಾ? ಊರಿಗೆ ಹಲ್ಲುನೋವು ಬಂದೈತಾ?"

ಸರ್ವಮಂಗಳಮ್ಮ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಕ್ಕಳು. "ಅಯ್ಯ, ನೀನೂ ಅದನ್ನೇ ಕೇಳ್ತಿದ್ದೆ ಅಂದ್ಮ್ಯಾಲೆ ಎಲ್ಲಾರದ್ದೂ ಒಂದೇ ಮಾತಾಯ್ತಲ್ಲೇ. ಇದಕ್ಕೆ ಸಿಟ್ಟ್ಯಾಕೆ?"

"ಒಂದೇ ಮಾತಲ್ಲ ಅತ್ತೆ."

"ಹೆಂಗಲ್ಲ?"

ಹೆಂಗಲ್ಲ ಎಂದು ಹೇಳಲು ಶಾಂತಲಾಳಿಗೆ ಬರಲಿಲ್ಲ. ಆಮೇಲೆ, "ಎತ್ತು ಏರಿಗೆ, ಕೋಣ ನೀರಿಗೆ ಅಂದ್ರಲ್ಲ. ನಾನು ಎತ್ತೋ ಕೋಣನೋ ಅದನ್ನ ಮೊದ್ಲು ಹೇಳ್ರಿ" ಅಂದಳು.

ಜಗಲಿಯಲ್ಲಿ ತಾಯಿಯ ಬ್ಯಾಗಿಗೆ ಜಿಪ್ ಎಳೆಯುತ್ತಿದ್ದ ಪ್ರವೀಣ ಕಿಸಕ್ಕನೆ ನಕ್ಕುಬಿಟ್ಟ. ಸರ್ವಮಂಗಳಮ್ಮ ಮಗನ ಕಡೆ ನೋಡಿದ್ದೇ ತಡ, ಅವನು ತಲೆ ತಗ್ಗಿಸಿದ.

"ನಿನಗೆ ತೊಟ್ಟಿಲಾಗೆ ಹೆಸರಿಟ್ಟೋಳು ಕಣೆ ನಾನು."

"ಹೆಸರಿಟ್ಟಿದ್ದಕ್ಕೆ ಅವತ್ತೇ ಎಲ್ಲಾರೂ ನಿಮ್ಮ ಬೆನ್ನಿಗೆ ಗುದ್ದಿದ್ರಂತಲ್ಲ. ಅಲ್ಲಿಗೆ ಚುಕ್ತಾ ಆಯ್ತು."

"ಬಾಯಿ ಮುಚ್ಚು!" ಎಂದು ಮಹೇಶ್ವರಪ್ಪ ಗೋಡೆ ಬಿಟ್ಟು ಮುಂದೆ ಬಂದ. "ಪ್ರೇಮಾ, ನೀನು ಉಡಿ ತುಂಬು. ಬಸ್ಸಿಗೆ ಹೊತ್ತಾಯ್ತು."

ಪ್ರೇಮಲತಾಳ ಬೊಗಸೆಯಲ್ಲಿ ಅಕ್ಕಿ ಇತ್ತು. ಈ ಮನೆಗೆ ಬಂದಾಗಿನಿಂದ ಪ್ರತಿ ಪಂಚಮಿಗೂ ಈ ಸೆರಗಿಗೆ ಅಕ್ಕಿ ಸುರಿದವಳು ಅವಳೇ. ಅವಳ ತವರು ಜಗಳೂರಿನ ಕಡೆಯ ಸೊಕ್ಕೆ. "ಸೊಕ್ಕೆಯೋಳಿಗೆ ಸೊಕ್ಕು ಇಲ್ಲದೇ ಇರ್ತೈತಾ" ಎಂದು ಸರ್ವಮಂಗಳಮ್ಮ ಮದುವೆಯಾದ ವರ್ಷ ಅಂದಿದ್ದ ಮಾತನ್ನು ಪ್ರತಿ ವರ್ಷ ಅನ್ನುತ್ತಿದ್ದಳು, ಪ್ರೇಮಲತಾ ಪ್ರತಿ ವರ್ಷ ನಗುತ್ತಿದ್ದಳು. ಈಗ ಅವಳ ಬೆರಳ ಸಂದಿಯಿಂದ ಕಾಳು ಉದುರುತ್ತಿದ್ದವು. ಬೊಗಸೆ ಬಿಚ್ಚಿ ಅಕ್ಕಿಯನ್ನು ಮೊರಕ್ಕೇ ಬಿಟ್ಟಳು.

"ಅಕ್ಕ, ಆ ಮಾತು ವಾಪಸ್ ತಗಳ್ರಿ. ಆಮೇಲೆ ಉಳಿದಿದ್ದು ತುಂಬ್ತೀನಿ."

ಸರ್ವಮಂಗಳಮ್ಮ ಮೊರವನ್ನೂ ತನ್ನ ಸೆರಗನ್ನೂ ನೋಡಿದಳು.

"ಮೂರಕ್ಕೆ ನಿಲ್ಲಿಸ್ತೀಯಾ? ಯಾರಾದ್ರೂ ಮೂರು ಬೊಗಸೆ ಹಾಕಿ ಕಳಿಸ್ತಾರೇನೆ?"

"ನಾಲ್ಕನೇದು ಇಲ್ಲೇ ಐತೆ. ಐದನೇದೂ ಐತೆ. ಮಾತು ವಾಪಸ್ ತಗಳ್ರಿ."

"ನನ್ನ ಶಾಲೆ ಬಿಡಿಸಿದ ದಿನ ನಾನೂ ಹಿಂಗೇ ಇದೇ ಬಾಗಿಲಾಗೆ ನಿಂತಿದ್ದೆ" ಎಂದಳು ಸರ್ವಮಂಗಳಮ್ಮ. "ಇವನು ಓದ್ಲಿ ಅಂತ ನನ್ನ ಬಿಡಿಸಿದ್ರು. ನಾನು ಹಿಂಗೆ ಬಾಯಿ ಮಾಡ್ಲಿಲ್ಲ."

"ಮಾಡಬೇಕಿತ್ತು ಅಕ್ಕ."

ಸರ್ವಮಂಗಳಮ್ಮ ಎದ್ದಳು. ಮೂರು ಬೊಗಸೆ ಅಕ್ಕಿಯನ್ನು ಹಾಗೇ ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು. ಮೊರಕ್ಕೆ ವಾಪಸು ಏನೂ ಹಾಕಲಿಲ್ಲ. ಕಾಯಿ, ಕುಪ್ಪಸದ ಬಟ್ಟೆ ಮಣೆಯ ಪಕ್ಕದಲ್ಲೇ ಉಳಿದವು. ಅವಳು ಹೊನ್ನಾಳಿಗೆ ಹೋಗಿ ಅಲ್ಲಿಂದ ನ್ಯಾಮತಿ ಬಸ್ಸು ಹಿಡಿಯಬೇಕಿತ್ತು. ಮಹೇಶ್ವರಪ್ಪ ಬೈಕನ್ನು ಎಂದಿಗಿಂತ ಜೋರಾಗಿ ಒದ್ದು ಶುರು ಮಾಡಿ, ಅಕ್ಕನನ್ನು ಕೂರಿಸಿಕೊಂಡು ಹೋದ. ಬ್ಯಾಗು ಹೊತ್ತ ಪ್ರವೀಣ ಹಿಂದಿನಿಂದ ನಡೆದುಕೊಂಡು ಹೋದ.

ಪ್ರವೀಣ ಜೂನಿನಿಂದ ಮಾವನ ಮನೆಯಲ್ಲೇ ಇದ್ದ. ಶಾಂತಲಾ, ಅವನು ಇಬ್ಬರೂ ಚನ್ನಗಿರಿಯ ಒಂದೇ ಕಾಲೇಜಿನಲ್ಲಿ ಫಸ್ಟ್ ಪಿಯುಸಿ ಸೈನ್ಸಿಗೆ ಸೇರಿದ್ದರು. ಇಬ್ಬರೂ ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷು. ಭೌತಶಾಸ್ತ್ರವನ್ನು ಶಾಂತಲಾ ಹೇಗೋ ನುಂಗಿಕೊಂಡಳು, ಜೀವಶಾಸ್ತ್ರ ಬಾಯಿಪಾಠ ಮಾಡಿದಳು. ಗಣಿತ ಮಾತ್ರ ಯಾವ ಕಡೆಯಿಂದ ಹೋದರೂ ಬಾಗಿಲು ಹಾಕಿಕೊಂಡೇ ಇತ್ತು. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಹನ್ನೊಂದು ಬಂತು. ಪ್ರವೀಣನಿಗೆ ಆರು. ಅವನು ಅವತ್ತೇ ತಾಯಿಗೆ ಫೋನ್ ಮಾಡಿ, ಕಾಮರ್ಸ್‌ಗೆ ಹಾಕದಿದ್ದರೆ ಊರಿಗೆ ಬಂದು ಟ್ರ್ಯಾಕ್ಟರ್ ಓಡಿಸುತ್ತೇನೆ ಅಂದ. ಅವನ ಅರ್ಜಿ ಒಂದೇ ದಿನದಲ್ಲಿ ತಯಾರಾಯಿತು. ಶಾಂತಲಾಳ ಕೇಳಿಕೆ ಮಾತ್ರ ಮನೆಯಲ್ಲೇ ಸುತ್ತು ಹೊಡೆಯಿತು. ಕಾಂಬಿನೇಷನ್ ಬದಲಾಯಿಸಲು ಶನಿವಾರ ಕಡೇ ದಿನ ಎಂದು ನೋಟಿಸ್ ಬೋರ್ಡಿಗೆ ಹಾಕಿದ್ದರು.

ಪ್ರೇಮಲತಾ ದಿನಾ ಸಂಜೆ ರೊಟ್ಟಿ ತಟ್ಟುವಾಗ ಮಗಳನ್ನು ನೋಡುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಒಂದೇ ಪುಟವನ್ನು ಎಷ್ಟೋ ಹೊತ್ತು ದಿಟ್ಟಿಸುತ್ತಿದ್ದಳು ಹುಡುಗಿ. ಆಮೇಲೆ ತಲೆಯನ್ನು ಹಿಂದಕ್ಕೆ ಗೋಡೆಗೆ ಮೆಲ್ಲಗೆ ಬಡಿಯುತ್ತಿದ್ದಳು. ಪ್ರೇಮಲತಾ ಬೆಣ್ಣೆ ಸವರಿದ ರೊಟ್ಟಿಯನ್ನು ತುಂಡು ಮಾಡಿ ಅವಳ ಬಾಯಿಗೆ ಇಟ್ಟು ಬರುತ್ತಿದ್ದಳು. ಅಷ್ಟೇ ಅವಳ ಕೈಲಿ ಆಗುತ್ತಿದ್ದುದು. ತಾನು ಓದಿದ ಲೆಕ್ಕ ಜಗಳೂರಿನ ಹೈಸ್ಕೂಲಿನಲ್ಲೇ ಮುಗಿದಿತ್ತು.

ಬಸ್ ಸ್ಟ್ಯಾಂಡಿನಿಂದ ವಾಪಸು ಬಂದ ಮಹೇಶ್ವರಪ್ಪ ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ಬಂದ.

"ನನ್ನ ಅಕ್ಕ ಅಳ್ತಾ ಹೋದ್ಲು. ಬಸ್ ತುಂಬ ಜನದ ಎದುರಿಗೆ. ಸಮಾಧಾನ ಆಯ್ತಾ ನಿನಗೆ?"

"ಚಪ್ಪಲಿ ಹೊರಗೆ ಬಿಡ್ರಿ."

"ನಾನು ಏನು ಕೇಳ್ತಿದೀನಿ?"

"ಮಗಳು ಹದಿನೈದು ದಿನ ಇದೇ ಮನ್ಯಾಗೆ ಅತ್ಲು. ಅದಕ್ಕೆ ಜನ ಇರಲಿಲ್ಲ, ಅದಕ್ಕೇ ನಿಮಗೆ ಕಾಣಲಿಲ್ಲ" ಅಂದಳು ಪ್ರೇಮಲತಾ. ಅವಳು ಒಲೆಯ ಕಡೆಗೇ ಮುಖ ಮಾಡಿದ್ದಳು.

"ಸರಿ, ನೀನೇ ಹೇಳು ಹಂಗಾದ್ರೆ. ಬಿಡಬೇಕೋ, ಇಟ್ಕಬೇಕೋ?"

"ನನಗೆ ಗೊತ್ತಿಲ್ಲ."

"ಗೊತ್ತಿಲ್ಲದೇ ಉಡಿ ನಿಲ್ಲಿಸಿದ್ಯಾ!"

"ಹೌದು. ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಅಕ್ಕಗಂತೂ ಮೊದ್ಲೇ ಗೊತ್ತಿಲ್ಲ. ದಿನಾ ಹೋಗಿ ಆ ಬೆಂಚಿನ ಮ್ಯಾಲೆ ಕುಂತ್ಕಳೋಳು ಅವಳು. ಅವಳನ್ನ ಕೇಳಾನ."

"ಹೆಣ್ಣುಮಕ್ಕಳ ಮಾತು ಕೇಳಿ ಯಾವನು ಉದ್ಧಾರ ಆದ?"

"ಈಗ ತಾನೇ ಒಂದು ಹೆಣ್ಣಿನ ಮಾತು ಕೇಳಿ ಆಯ್ತು ಅಂದು ಬಂದ್ರಲ್ಲ."

ಮಹೇಶ್ವರಪ್ಪ ಕೆಟ್ಟ ಮನುಷ್ಯನಲ್ಲ. ಅಂಗಡಿಯಲ್ಲಿ ರೈತರು ತಪ್ಪು ಸೈಜಿನ ಪೈಪು ಒಯ್ದರೆ ತಾನೇ ತೋಟಕ್ಕೆ ಹೋಗಿ ಬದಲಾಯಿಸಿ ಬರುವವನು. ಆದರೆ ಅಕ್ಕನ ಕಣ್ಣಲ್ಲಿ ನೀರು ಕಂಡರೆ ಅವನಿಗೆ ತನ್ನ ಹಳೇ ಸ್ಕೂಲ್ ಬ್ಯಾಗು ಕಾಣುತ್ತಿತ್ತೋ ಏನೋ, ಆಗ ಅವನಿಗೆ ಬೇರೆ ಯಾರೂ ಕಾಣುತ್ತಿರಲಿಲ್ಲ. ಊಟ ಬೇಡವೆಂದು ಅಂಗಡಿಗೆ ಹೊರಟುಹೋದ.

ಮರುದಿನ ಶುಕ್ರವಾರ ಕಾಲೇಜಿಗೆ ರಜೆ ಇರಲಿಲ್ಲ. ಶಾಂತಲಾ ಹೋಗಲಿಲ್ಲ. ಹಿತ್ತಿಲಲ್ಲಿ ಪ್ರೇಮಲತಾ ಹಬ್ಬಕ್ಕೆ ಹಾಸಿದ್ದ ಜಮಖಾನ, ಹೊದಿಕೆ ಎಲ್ಲ ಒಗೆಯುತ್ತಿದ್ದಳು. ಮಗಳು ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತಳು.

"ಬಿಡ್ತೀಯೇನು?" ಪ್ರೇಮಲತಾ ಕೇಳಿದಳು.

"ಬಿಟ್ರೆ ಅತ್ತೆ ಹೇಳಿದ್ದು ನಡೆದಂಗೆ. ಇಟ್ಕಂಡ್ರೆ ಅಪ್ಪಾಜಿ ಮೊದ್ಲು ಹೇಳಿದ್ದು ನಡೆದಂಗೆ. ಇದರಾಗೆ ನಂದು ಅಂತ ಏನೈತೆ?"

"ಲೆಕ್ಕ ಐತೆ."

"ಅದಕ್ಕೆ ನನ್ನ ಕಂಡ್ರೆ ಆಗಲ್ಲ."

"ನಿನಗೆ?"

ಶಾಂತಲಾ ಕಟ್ಟೆಯಿಂದ ಇಳಿದಳು. ಪ್ರೇಮಲತಾ ನೀರು ಸೋರುವ ಹೊದಿಕೆಯ ಒಂದು ತುದಿಯನ್ನು ಅವಳ ಕಡೆ ಎಸೆದಳು. "ಹಿಡಿ, ಹಿಂಡಾನ." ಇಬ್ಬರೂ ಎದುರುಬದುರು ನಿಂತು ತಿರುವತೊಡಗಿದರು. ಹುಡುಗಿ ಹಲ್ಲು ಕಚ್ಚಿ ಎಷ್ಟು ಜೋರಾಗಿ ತಿರುವಿದಳೆಂದರೆ ಪ್ರೇಮಲತಾಳ ಮಣಿಕಟ್ಟು ಹೊರಳಿತು.

"ನಿಧಾನ ಕಣೆ. ಹರಿದೋಗುತ್ತೆ."

"ಹರೀಲಿ."

"ಸಿಟ್ಟಿಗೆ ಬಿಡಬ್ಯಾಡ ಮಗ. ಸಿಟ್ಟಿಗೆ ಇಟ್ಕಳ್ಳೂ ಬ್ಯಾಡ."

"ಈಗ ಸಿಟ್ಟು ಬಿಟ್ರೆ ನಂತಾವ ಇನ್ನೇನೂ ಇಲ್ಲಮ್ಮ."

ಪ್ರೇಮಲತಾಳಿಗೆ ನಗು ಬಂತು, ಕಣ್ಣೂ ಉರಿಯಿತು. ತನ್ನ ಹತ್ತಿರವೂ ಅಷ್ಟೇ ಇತ್ತು. ಒಗೆಯುವ ಕಲ್ಲಿನ ಮೇಲೆ ಬೆಳಗಿನಿಂದ ಬಟ್ಟೆ ಬಡಿಯುತ್ತಿದ್ದರೂ ಅದು ಖರ್ಚಾಗಿರಲಿಲ್ಲ.

ಪ್ರವೀಣ ಮಧ್ಯಾಹ್ನ ಕಾಲೇಜಿನಿಂದ ಬಂದು ಹಿತ್ತಿಲ ಬಾಗಿಲಲ್ಲಿ ನಿಂತ. ಒಳಗೆ ಬರಲೋ ಬೇಡವೋ ಎಂಬ ಅನುಮಾನ ಅವನ ಕಾಲುಗಳಲ್ಲೇ ಕಾಣುತ್ತಿತ್ತು.

"ನಾನು ಹೇಳ್ಲಿಲ್ಲ ಕಣೆ. ಅವ್ವಂದೇ ಯೋಚನೆ ಅದು."

"ಬ್ಯಾಡ ಅಂತ ಹೇಳಿದ್ಯಾ?"

"ಅದೂ ಹೇಳ್ಲಿಲ್ಲ."

"ಮತ್ತೆ ಯಾಕೆ ಬಂದೆ?"

"ನಿನಗೆ ಹನ್ನೊಂದು ಬಂದೈತೆ. ನನಗಿಂತ ಹೆಚ್ಚೂಕಮ್ಮಿ ಡಬಲ್. ನೀನು ಬಿಟ್ರೆ ಬ್ಯಾಸರ ಆಗ್ತೈತೆ ಅಂತ ಹೇಳಾಕೆ ಬಂದೆ."

"ಹೆಚ್ಚೂಕಮ್ಮಿ ಡಬಲ್ ಅನ್ನೋದು ಲೆಕ್ಕ ಹಾಕಾಕೆ ಬಂತಾ ನಿನಗೆ? ಹಂಗಾದ್ರೆ ಕಾಮರ್ಸ್ ಪಾಸಾಗ್ತೀಯ ಬಿಡು."

ಪ್ರವೀಣ ನಕ್ಕ. ಅವಳು ನಗಲಿಲ್ಲ. "ಅತ್ತೆ, ಹಸಿವಾಗೈತೆ" ಎಂದ ಅವನು ಪ್ರೇಮಲತಾಳಿಗೆ. ಅವಳು ಒದ್ದೆ ಕೈ ಒರೆಸಿಕೊಂಡು ಎದ್ದಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ತಟ್ಟೆಗೆ ಅನ್ನ ಬಡಿಸಿ, ಎಂದಿನಂತೆ ತುಪ್ಪದ ಡಬ್ಬಿಯನ್ನೂ ಮುಂದಿಟ್ಟಳು.

ಶನಿವಾರ ತಾಯಿ ಮಗಳು ಕಾಲೇಜಿಗೆ ಹೋದರು. ಅರ್ಧ ದಿನದ ಕಾಲೇಜು, ಮುಗಿದು ಹುಡುಗರು ಗೇಟಿನ ಕಡೆ ನುಗ್ಗುತ್ತಿದ್ದರು. ಆಫೀಸಿನ ಕಿಟಕಿಯಲ್ಲಿ ಗುಮಾಸ್ತ ಅವರನ್ನು ಕಂಡವನೇ ಒಂದು ಹಾಳೆ ಎಳೆದು ಮುಂದಿಟ್ಟ.

"ಬರ್ರಿ ಅಮ್ಮ, ನಿಮ್ಮನ್ನೇ ಕಾಯ್ತಿದ್ದೆ. ಯಜಮಾನ್ರು ನಿನ್ನೇನೇ ಫೋನ್ ಮಾಡಿದ್ರು. ಅರ್ಜಿ ಎಲ್ಲ ಬರೆದಿಟ್ಟೀನಿ. ಸೈನ್ಸಿಂದ ಕಾಮರ್ಸ್. ಹುಡುಗಿ ಇಲ್ಲೊಂದು ಸೈನ್ ಹಾಕಿದ್ರೆ ಮುಗೀತು."

ಶಾಂತಲಾ ಹಾಳೆಯನ್ನು ನೋಡಿದಳು. ಅವಳ ಹೆಸರು, ತಂದೆಯ ಹೆಸರು, ಕಾರಣ ಎಂಬಲ್ಲಿ 'ಗಣಿತ ಕಷ್ಟವಾಗುತ್ತಿರುವುದರಿಂದ' ಎಂದು ಅವಳ ಪರವಾಗಿ ಯಾರೋ ದುಂಡಗೆ ಬರೆದಿದ್ದರು. ಅವಳ ಕಿವಿಯ ತುದಿಗಳು ಕೆಂಪಾದವು. ಗುಮಾಸ್ತ ಪೆನ್ನು ಚಾಚಿದ. ಅವಳು ಅದನ್ನು ತೆಗೆದುಕೊಂಡಳು, ಕ್ಯಾಪು ಬಿಚ್ಚಿದಳು, ಮತ್ತೆ ಹಾಕಿದಳು.

"ಗಣಿತದ ಮೇಷ್ಟ್ರು ಅದಾರೇನ್ರಿ?" ಪ್ರೇಮಲತಾ ಕೇಳಿದಳು.

"ಸ್ಟಾಫ್ ರೂಮಿನಾಗೆ ಅದಾರೆ. ಅವರದ್ದೇನೂ ಬೇಕಾಗಿಲ್ಲ ಇದಕ್ಕೆ. ಒಂದು ಗಂಟೆಗೆ ಮುಚ್ತೀನಿ ನಾನು."

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಮುರುಗೇಶಪ್ಪನವರು ಟೀ ಕುಡಿಯುತ್ತಿದ್ದರು. ಎದುರಿನ ಮೇಜಿನಲ್ಲಿ ಇನ್ನೊಬ್ಬ ಮೇಷ್ಟ್ರು ಪೇಪರ್ ಓದುತ್ತಿದ್ದರು. ವಿಷಯ ಕೇಳಿದ ಮುರುಗೇಶಪ್ಪನವರು ತಲೆಯಾಡಿಸಿದರು.

"ಬಿಡಿಸ್ರಿ ಅಮ್ಮ. ತಪ್ಪೇನಿಲ್ಲ. ಗಣಿತ ಎಲ್ಲರಿಗೂ ಬರಲ್ಲ. ಮುಂದಿನ ವರ್ಷ ಬೋರ್ಡ್ ಎಕ್ಸಾಮಿನಾಗೆ ಫೇಲಾಗಿ ಅಳೋದಕ್ಕಿಂತ ಈಗಲೇ ಬಿಡೋದು ವಾಸಿ."

"ಬರಲ್ವೋ ಸರ್, ಬರಂಗೆ ಹೇಳಿಲ್ವೋ?"

ಪ್ರೇಮಲತಾ ಇದನ್ನು ಜೋರಾಗಿ ಹೇಳಲಿಲ್ಲ. ಆದರೂ ಪೇಪರ್ ಓದುತ್ತಿದ್ದವರು ಪೇಪರ್ ಕೆಳಗಿಳಿಸಿದರು. ಮುರುಗೇಶಪ್ಪನವರ ಮುಖ ಬಿಗಿಯಿತು.

"ನೂರು ಹುಡುಗ್ರು ಅದಾರೆ ಕ್ಲಾಸಿನಾಗೆ. ಇಪ್ಪತ್ತು ವರ್ಷದಿಂದ ಹೇಳ್ತಾ ಇದೀನಿ. ಬರೋರಿಗೆ ಬಂದೈತೆ. ನಿಮ್ಮ ಮಗಳು ಎರಡು ತಿಂಗಳಾಗೆ ಒಂದೇ ಒಂದು ಡೌಟ್ ಕೇಳಿದಾಳೇನು, ಕೇಳ್ರಿ ಅವ್ಳನ್ನ."

"ಏನಂತ ಕೇಳ್ಲಿ ಸರ್?" ಶಾಂತಲಾ ಅಂದಳು. ಎರಡು ತಿಂಗಳಲ್ಲಿ ಅವರ ಎದುರಿಗೆ ಅವಳು ಆಡಿದ ಮೊದಲ ಮಾತು ಅದು. "ನೀವು ಬಲಗೈಲಿ ಬರೀತಾ ಹೋಗ್ತೀರಿ, ಎಡಗೈಲಿ ಅಳಿಸ್ತಾ ಬರ್ತೀರಿ. ನಾನು ಮೂರನೇ ಸಾಲಿಗೆ ಬರೋ ಹೊತ್ತಿಗೆ ಮೊದಲನೇ ಸಾಲು ಇರಲ್ಲ. ಇಲ್ಲದೇ ಇರೋ ಸಾಲಿನ ಮ್ಯಾಲೆ ಏನು ಡೌಟ್ ಕೇಳ್ಬೇಕು?"

ಎದುರಿನ ಮೇಷ್ಟ್ರು ನಕ್ಕರು. "ಅದು ನಿಜ ಕಣ್ರೀ ಮುರುಗೇಶಪ್ನೋರೆ. ನಿಮ್ಮ ಎಡಗೈಗೆ ಪುರುಸೊತ್ತೇ ಇಲ್ಲ."

"ಬೋರ್ಡು ಸಣ್ಣದೈತ್ರಿ" ಅಂದರು ಮುರುಗೇಶಪ್ಪನವರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ.

"ಸರ್, ಒಂದು ಲೆಕ್ಕ. ಒಂದೇ ಒಂದು. ಅಳಿಸದೇ ಮಾಡಿ ತೋರಿಸ್ರಿ" ಅಂದಳು ಶಾಂತಲಾ. "ಅದೂ ನನ್ನ ತಲೆಗೆ ಹೋಗ್ಲಿಲ್ಲ ಅಂದ್ರೆ ನಾನೇ ಹೋಗಿ ಸೈನ್ ಹಾಕ್ತೀನಿ. ಅಪ್ಪಾಜಿ ಫೋನ್ ಮಾಡಿದ್ರು ಅಂತಲ್ಲ, ಅತ್ತೆ ಕೇಳಿದ್ರು ಅಂತಲ್ಲ. ನನಗೆ ಬರಲ್ಲ ಅಂತ."

ಮುರುಗೇಶಪ್ಪನವರು ಅವಳನ್ನೇ ನೋಡಿದರು. ಹೋಗು ಅನ್ನುತ್ತಾರೆ ಎಂದುಕೊಂಡಳು ಪ್ರೇಮಲತಾ. ಅವರು ಟೀ ಲೋಟವನ್ನು ತಟ್ಟೆಯಿಂದ ಮುಚ್ಚಿ, ಎದ್ದು, ಡ್ರಾಯರಿನಿಂದ ಸೀಮೆಸುಣ್ಣದ ಎರಡು ತುಂಡು ತೆಗೆದುಕೊಂಡರು. "ನಡಿ" ಅಂದರು, ಬಯ್ಯುವ ದನಿಯಲ್ಲಿ.

ತರಗತಿ ಖಾಲಿಯಾಗಿತ್ತು. ಪ್ರೇಮಲತಾ ಹೊರಗೆ ಮೆಟ್ಟಿಲ ಮೇಲೆ ಕೂತಳು. ತೆರೆದ ಬಾಗಿಲಿನಿಂದ ಬೋರ್ಡು ಕಾಣುತ್ತಿತ್ತು. ಮೇಷ್ಟ್ರು ಮೇಲಿನ ಮೂಲೆಯಿಂದ ಶುರು ಮಾಡಿದರು. ಎಡಭಾಗ ಬಲಭಾಗಕ್ಕೆ ಸಮ ಎಂದು ತೋರಿಸಬೇಕಾದ ಯಾವುದೋ ಲೆಕ್ಕ. ಸಮ ಚಿಹ್ನೆಗಳು ಒಂದರ ಕೆಳಗೊಂದು ಇಳಿದು ಬಂದವು. ನಾಲ್ಕನೇ ಸಾಲಿಗೆ ಅವರ ಎಡಗೈ ತಾನಾಗಿಯೇ ಡಸ್ಟರಿನ ಕಡೆ ಹೋಯಿತು. ಗಾಳಿಯಲ್ಲೇ ನಿಂತಿತು. ಅವರು ಅದನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಮುಂದಿನ ಸಾಲು ಬರೆದರು. ಕೊನೆಯ ಸಾಲಿಗೆ ಜಾಗ ಸಾಲದೆ ಬಗ್ಗಿ, ಬೋರ್ಡಿನ ಕೆಳ ಅಂಚಿನಲ್ಲಿ ಚಿಕ್ಕದಾಗಿ ಮುಗಿಸಿದರು.

"ಇದು ಎಲ್ಲಿಂದ ಬಂತು ಸರ್?"

"ಮೇಲಿನ ಸಾಲಿನಿಂದ."

"ಅದು ಗೊತ್ತು. ಹೆಂಗೆ ಬಂತು?"

ಅವರು ಹೇಳಿದರು. ಅವಳು ಮತ್ತೆ ಅದನ್ನೇ ಕೇಳಿದಳು. ಅವರು ಇಂಗ್ಲಿಷಿನಲ್ಲಿ ಹೇಳಿದರು. ಅವಳು ಮೂರನೇ ಸಲ ಕೇಳಿದಳು. "ನಿನಗೆ ತಲೆ ಐತೇನೇ?" ಎಂದು ಮೇಷ್ಟ್ರು ಗದರಿದರು. "ಐತೆ ಸರ್, ಅದರಾಗೆ ಹೋಗಬೇಕಲ್ಲ" ಅಂದಳು. ಆಮೇಲೆ ಅವರು ಕನ್ನಡದಲ್ಲಿ, ಅವಳ ಹೈಸ್ಕೂಲಿನ ಮಾತುಗಳಲ್ಲಿ ಹೇಳತೊಡಗಿದರು. ದನಿ ತಗ್ಗಿತು. ಪ್ರೇಮಲತಾಳಿಗೆ ಮುಂದಿನದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮುರುಗೇಶಪ್ಪನವರು ಕೈ ಝಾಡಿಸುತ್ತಾ ಹೊರಗೆ ಬಂದರು.

"ಪಕ್ಕದ ಗೋಡೆ ಬೋರ್ಡಿನಾಗೆ ಅಂಥದ್ದೇ ಇನ್ನೊಂದು ಕೊಟ್ಟೀನಿ. ಮಾಡ್ಲಿ. ಮಾಡ್ತಾಳೆ ಅಂತ ನಾನು ಹೇಳಲ್ಲ ಮತ್ತೆ. ಕಷ್ಟ ಐತೆ ಅಮ್ಮ. ಇವತ್ತೊಂದು ಮಾಡಿದ್ಲು ಅಂತ ನಾಳೆ ಎಲ್ಲ ಬರಲ್ಲ."

"ಹೌದು ಸರ್."

"ಟೀ ಆರಿಹೋಗಿರ್ತೈತೆ ನಂದು" ಅನ್ನುತ್ತಾ ಅವರು ಹೋದರು.

ಒಳಗೆ ಶಾಂತಲಾ ಸೊಂಟದ ಮೇಲೆ ಒಂದು ಕೈಯಿಟ್ಟು ಬೋರ್ಡಿಗೆ ಎದುರಾಗಿ ನಿಂತಿದ್ದಳು. ಮುಖ ಕಾಣುತ್ತಿರಲಿಲ್ಲ, ಜಡೆ ಮಾತ್ರ ಅಲುಗುತ್ತಿತ್ತು. ಒಂದು ಸಾಲು ಬರೆದಳು. ಇನ್ನೊಂದು ಬರೆದಳು. ಅದೇನೋ ಬೈದುಕೊಂಡು ಅಂಗೈಯಿಂದ ಆ ಸಾಲನ್ನು ಒರೆಸಿದಳು. ಮೊದಲಿನ ಸಾಲು ಹಾಗೇ ಉಳಿಯಿತು.

ಗುಮಾಸ್ತ ಕಾರಿಡಾರಿನ ತುದಿಯಿಂದ ಅರ್ಜಿ ಹಿಡಿದುಕೊಂಡು ಬಂದ. "ಅಮ್ಮ, ಒಂದು ಗಂಟೆ ಆಯ್ತು. ಸೋಮವಾರ ಬಂದ್ರೆ ನಾನು ತಗಳಾಕೆ ಬರಲ್ಲ. ಆಮೇಲೆ ಯಜಮಾನ್ರು ನನ್ನ ಬೈತಾರೆ."

"ಅವಳನ್ನ ಕೇಳ್ರಿ."

ಗುಮಾಸ್ತ ಬಾಗಿಲಲ್ಲಿ ಇಣುಕಿದ. "ಏನಮ್ಮ ಶಾಂತಲಾ, ಸೈನ್ ಹಾಕ್ತೀಯೇನು? ಆಫೀಸ್ ಬೀಗ ಹಾಕ್ಬೇಕು."

"ಒಂದ್ನಿಮಿಷ ಸುಮ್ನಿರ್ರಿ!" ಅಂದಳು ಶಾಂತಲಾ, ತಿರುಗದೆ. ಸಿಟ್ಟಿನಿಂದ ಅವಳ ದನಿ ಸೀಳಿತ್ತು.

ಗುಮಾಸ್ತ ಪ್ರೇಮಲತಾಳ ಮುಖ ನೋಡಿದ. ಅವಳು ಬೋರ್ಡಿನ ಕಡೆಗೇ ನೋಡುತ್ತಿದ್ದಳು. ಅವನು ಸ್ವಲ್ಪ ಹೊತ್ತು ಕಾದ. ಗಡಿಯಾರ ನೋಡಿಕೊಂಡ. ಆಮೇಲೆ ಗೊಣಗುತ್ತಾ ವಾಪಸು ಹೋದ. ಆಫೀಸಿನ ಕಿಟಕಿ ಬಡಿದುಕೊಂಡಿತು, ಬಾಗಿಲು ಎಳೆದ ಸದ್ದಾಯಿತು, ಬೀಗ ಬಿತ್ತು. ಖಾಲಿ ಕಾರಿಡಾರಿನಲ್ಲಿ ಅದು ದೊಡ್ಡದಾಗಿಯೇ ಕೇಳಿಸಿತು. ಒಳಗೆ ಸೀಮೆಸುಣ್ಣದ ಸದ್ದು ನಿಂತಿತು. ಮತ್ತೆ ಸದ್ದು ಶುರುವಾಯಿತು, ಮೊದಲಿಗಿಂತ ಗಟ್ಟಿಯಾಗಿ.

ಕಸ ಗುಡಿಸುವ ಗಾದ್ರಮ್ಮ ಪೊರಕೆ, ಒದ್ದೆ ಬಟ್ಟೆ ಹಿಡಿದುಕೊಂಡು ಬಂದಳು. "ಏಳವ್ವ, ರೂಮು ಗುಡಿಸಿ ಬೋರ್ಡು ಒರೆಸ್ಬೇಕು."

"ಒಂಚೂರು ತಡಿ ತಾಯಿ. ಮಗಳು ಅದಾಳೆ ಒಳಗೆ."

ಗಾದ್ರಮ್ಮ ಕತ್ತು ಚಾಚಿ ಒಳಗೆ ನೋಡಿದಳು. "ಯಾರ ಮ್ಯಾಲೆ ಸಿಟ್ಟವ್ವ ಆ ಹುಡುಗಿಗೆ?"

"ಎಲ್ಲಾರ ಮ್ಯಾಲೂ."

"ಓ" ಅಂದಳು ಗಾದ್ರಮ್ಮ, ಅದು ಸಾಮಾನ್ಯವಾದ ವಿಷಯ ಎಂಬಂತೆ. ಪೊರಕೆಯನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತು, ಸೊಂಟದ ಚೀಲದಿಂದ ಎಲೆ ತೆಗೆದಳು.

ಪ್ರೇಮಲತಾಳ ಕೈಚೀಲದಲ್ಲಿ ಫೋನು ಗುಯ್‌ಗುಟ್ಟಿತು. ತೆಗೆದು ನೋಡಿದಳು. ಅದು ನಿಂತು, ಮತ್ತೆ ಶುರುವಾಯಿತು.

"ಯಾರವ್ವ?"

"ಮನೆಯೋರು."

"ಎತ್ತಲ್ಲೇನು?"

"ಎತ್ತಿದ್ರೆ ಜೋರಾಗಿ ಮಾತಾಡ್ಬೇಕಾಗ್ತೈತೆ" ಅಂದಳು ಪ್ರೇಮಲತಾ.

ಗಾದ್ರಮ್ಮ ಎಲೆಗೆ ಸುಣ್ಣ ಸವರಿ, ಅರ್ಧ ಮುರಿದು ಅವಳ ಕೈಗಿಟ್ಟಳು. ಪ್ರೇಮಲತಾ ಫೋನನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಳು. ಅದು ಅಲ್ಲೇ ಒಳಗೊಳಗೇ ಅದುರುತ್ತಿತ್ತು. ಇಬ್ಬರೂ ಸದ್ದಾಗದಂತೆ ಎಲೆ ಅಗಿಯುತ್ತಾ ಕೂತರು.